ಸಿಂಧೂರ ಕಾರ್ಯಾಚರಣೆ: ಕಾರ್ಗಿಲ್ ಮಾದರಿಯ ಪರಾಮರ್ಶೆ ನಡೆಯಲಿ

ಮಾನ್ಯರೇ,

2025ರ ಮೇ 7ರ ಬೆಳಿಗ್ಗೆ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ, ಕರ್ನಲ್ ಸೋಫಿಯಾ ಖುರೇಷಿ ಮತ್ತು ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ಅವರು ಆಪರೇಷನ್ ಸಿಂಧೂರದ ಗುರಿಗಳನ್ನು ದೃಶ್ಯಸಹಿತವಾಗಿ ವಿವರಿಸಿದಾಗ, ಪಹಲ್ಗಾಮ್ ದಾಳಿಯಲ್ಲಿ ನಮ್ಮೂರಿನವರೊಬ್ಬರನ್ನು ಕಳೆದುಕೊಂಡಿದ್ದ ನಾವು ಆ ಮಾತನ್ನು ಮನಸಾರೆ ನಂಬಿದೆವು. ಅಳೆದು ತೂಗಿ ಆಡಿದ ಮಾತಿಗೆ ಅಂಥ ಬಲವಿರುತ್ತದೆ. ಆದರೆ ಮರುರಾತ್ರಿಯೇ ಹಲವು ಸುದ್ದಿವಾಹಿನಿಗಳು ಕರಾಚಿ ಬಂದರು ಧ್ವಂಸವಾಯಿತೆಂಬ ಸುಳ್ಳನ್ನು ಸಾರಿದವು. ಮೇ 10ರಂದು ಕದನ ವಿರಾಮದ ಸುದ್ದಿ ದೆಹಲಿಗಿಂತ ಮೊದಲು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರಿಂದ ತಿಳಿಯಿತು. ನಮ್ಮ ಯುದ್ಧವಿಮಾನಗಳಿಗೆ ನಷ್ಟವಾದದ್ದನ್ನು ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಅವರು ಒಪ್ಪಿಕೊಂಡದ್ದು ಮೇ 31ರಂದು, ಅದೂ ಸಿಂಗಪುರದಲ್ಲಿ ವಿದೇಶಿ ಮಾಧ್ಯಮದ ಮುಂದೆ.

ಕಾರ್ಯಾಚರಣೆಯ ವೇಳೆ ಗೋಪ್ಯತೆ ಅನಿವಾರ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸಂಸತ್ತಿನಲ್ಲಿ ಚರ್ಚೆ ನಡೆಯಲು ಜುಲೈ ಕೊನೆಯವರೆಗೆ ಕಾಯಬೇಕಾದದ್ದು ಸರಿಯಲ್ಲ. 1962ರಲ್ಲಿ ಚೀನಾದೊಡನೆ ಯುದ್ಧ ನಡೆಯುತ್ತಿರುವಾಗಲೇ, ನವೆಂಬರ್ 8ರಂದು, ಸಂಸತ್ತಿನ ಅಧಿವೇಶನ ಸೇರಿತ್ತು ಮತ್ತು ಸದಸ್ಯರು ಸರ್ಕಾರವನ್ನು ಕಟುವಾಗಿಯೇ ಪ್ರಶ್ನಿಸಿದ್ದರು. ಆ ಯುದ್ಧದಲ್ಲಿನ ಸೋಲನ್ನು ಪರಾಮರ್ಶಿಸಿದ ಸೇನೆಯ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಮಾತ್ರ ಯಾವ ಸರ್ಕಾರವೂ ಅಧಿಕೃತವಾಗಿ ಬಹಿರಂಗಪಡಿಸಲಿಲ್ಲ. ಆ ಬಗೆಗಿನ ಶಂಕೆ ಇಂದಿಗೂ ತೀರಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಕಾರ್ಗಿಲ್ ಯುದ್ಧದ ನಂತರ ವಾಜಪೇಯಿ ಸರ್ಕಾರವು ಕೆ. ಸುಬ್ರಹ್ಮಣ್ಯಂ ನೇತೃತ್ವದ ಸಮಿತಿಯ ವರದಿಯನ್ನು, ಸೂಕ್ಷ್ಮ ಭಾಗಗಳನ್ನಷ್ಟೇ ತೆಗೆದು, 2000ದ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದಿಟ್ಟಿತು. ಸೇನೆಯ ಸ್ಥೈರ್ಯವೇನೂ ಅದರಿಂದ ಕುಗ್ಗಲಿಲ್ಲ. ಸಿಂಧೂರ ಕಾರ್ಯಾಚರಣೆಗೂ ಪಹಲ್ಗಾಮ್‌ನ ಭದ್ರತಾ ಲೋಪಕ್ಕೂ ಸಂಬಂಧಿಸಿದಂತೆ ಅಂಥದೇ ಸ್ವತಂತ್ರ ಸಮಿತಿಯನ್ನು ಕೇಂದ್ರ ಸರ್ಕಾರ ರಚಿಸಿ, ಅದರ ವರದಿಯನ್ನು ಸಂಸತ್ತಿನಲ್ಲಿ ಮಂಡಿಸಬೇಕು.

– ಓದುಗ, ಶಿವಮೊಗ್ಗ