ಜಾಲಿಯ ಎಲೆಗೆ ಹೊಡೆಯಬೇಡಿ, ಕಡಿದ ಬೊಡ್ಡೆಗೆ ಹಚ್ಚಿ

ಮಾನ್ಯ ಸಂಪಾದಕರೇ,

ಮಳೆ ಬಿದ್ದು ಬದುಗಳು ಹಸಿರಾದ ಕೂಡಲೇ ನಮ್ಮ ಕಡೆ ಬಳ್ಳಾರಿ ಜಾಲಿಗೆ ಕಳೆ ಔಷಧಿ ಹೊಡೆಯುವುದು ಶುರುವಾಗುತ್ತದೆ. ಅದನ್ನು ಹೇಗೆ ಹೊಡೆಯುತ್ತಿದ್ದಾರೆ ಎಂಬ ಬಗ್ಗೆ ಈ ಪತ್ರ. ನಾನು ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಯ ಅಮರಾಪುರ ಮಂಡಲದವಳು. ಮನೆಯಲ್ಲೂ ಸಂತೆಯಲ್ಲೂ ನಮ್ಮದು ಕನ್ನಡವೇ. ಹಿಪ್ಪುನೇರಳೆ ಹಾಕಿದ್ದೇವೆ, ರೇಷ್ಮೆ ಸಾಕುತ್ತೇವೆ.

ಹೋದ ವರ್ಷ ಪಕ್ಕದ ಹೊಲದವರು ಬದುವಿನ ಜಾಲಿಗೆ 2,4-ಡಿ ಎಂಬ ಕಳೆ ಔಷಧಿ ಹೊಡೆಸಿದರು. ಗಾಳಿ ನಮ್ಮ ತೋಟದ ಕಡೆಗಿತ್ತು. ಮನೆಯಲ್ಲಿ ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಕಳಚಿದ ಹುಳು. ರೇಷ್ಮೆ ಸಾಕುವವರಿಗೆ ಇದರ ಅರ್ಥ ಗೊತ್ತು. ಹುಳು ತನ್ನ ಇಡೀ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಮುಕ್ಕಾಲು ಪಾಲಿಗಿಂತ ಜಾಸ್ತಿ ತಿನ್ನುವುದು ಆ ಕೊನೆಯ ದಿನಗಳಲ್ಲೇ. ಅಂಥ ಹೊತ್ತಿನಲ್ಲಿ ಬದುವಿನ ಪಕ್ಕದ ಸಾಲುಗಳ ಕುಡಿಯೆಲ್ಲ ತಿರುಚಿಕೊಂಡು ಬಾಗಿತು. ಆ ಸೊಪ್ಪನ್ನು ಹುಳಕ್ಕೆ ಹಾಕಲು ಧೈರ್ಯ ಬರಲಿಲ್ಲ. ಬೇರೆಯವರ ತೋಟದಿಂದ ಸೊಪ್ಪು ಕೊಂಡು ತಂದೆವು. ಅದೂ ಸಾಲಲಿಲ್ಲ. ಹುಳು ಅರೆಹೊಟ್ಟೆಯಲ್ಲೇ ಗೂಡು ಕಟ್ಟುವ ಚಂದ್ರಿಕೆಗೆ ಹತ್ತಿತು, ಗೂಡು ಹಗುರವಾಯಿತು. ಜಾಲಿ ಎಲೆ ಉದುರಿಸಿಕೊಂಡು ಸ್ವಲ್ಪ ದಿನ ಒಣಗಿದ ಹಾಗೆ ನಿಂತಿತ್ತು. ಮುಂದಿನ ಮಳೆಗೆ ಬುಡದಿಂದ ಮತ್ತೆ ಚಿಗುರಿತು.

ಪಕ್ಕದವರ ಮೇಲೆ ನನಗೆ ಸಿಟ್ಟಿಲ್ಲ. ಅಂಗಡಿಯಲ್ಲಿ ಹೇಳಿದ್ದನ್ನೇ ಅವರು ಮಾಡಿದ್ದು. ಔಷಧಿಯನ್ನು ದೊಡ್ಡ ಡಬ್ಬಿಯಿಂದ ನೀರಿನ ಬಾಟಲಿಗೆ ಸುರಿದು ಕೊಟ್ಟಿದ್ದರಂತೆ. ಅದರ ಮೇಲೆ ಹೆಸರಿಲ್ಲ, ಪ್ರಮಾಣವಿಲ್ಲ, ವಿಷದ ಗುರುತಿನ ಬಣ್ಣವೂ ಇಲ್ಲ. "ಟ್ಯಾಂಕಿಗೆ ಎರಡು ಮುಚ್ಚಳ ಜಾಸ್ತಿನೇ ಹಾಕಿ" ಅಂದರಂತೆ. ನನಗೆ ಕೋಪ ಬರುವುದು ಇದಕ್ಕೆ.

ಈ ಜಾಲಿ ಸುಮ್ನೆ ಸಾಯುವ ಗಿಡ ಅಲ್ಲ. 1877ರ ಸುಮಾರಿಗೆ ಸೌದೆಗೆಂದು ಇದನ್ನು ತಂದು ನೆಟ್ಟಿದ್ದು ಇಲ್ಲೇ ಪಕ್ಕದ ಕಡಪ ಜಿಲ್ಲೆಯಲ್ಲಿ. ಬರಕ್ಕೆ ಜಗ್ಗುವುದಿಲ್ಲ ಎಂದೇ ಆರಿಸಿ ತಂದರು. ಇದರ ಚಿಗುರುವ ಕಣ್ಣುಗಳು ಮಣ್ಣಿನೊಳಗೆ, ಕಾಂಡ ಬೇರಿಗೆ ಕೂಡುವ ಕಡೆ ಇರುತ್ತವೆ. ಮೇಲೆ ಎಷ್ಟು ಸಲ ಕಡಿದರೂ ಅಲ್ಲಿಂದ ಬರುತ್ತದೆ, ಒಂದು ಕಾಂಡ ಇದ್ದದ್ದು ನಾಲ್ಕಾಗಿ ಬರುತ್ತದೆ. ಔಷಧಿ ಆ ಕಣ್ಣುಗಳ ತನಕ ಇಳಿಯದಿದ್ದರೆ ದುಡ್ಡು ದಂಡ.

ಪ್ಯಾರಾಕ್ವಾಟ್ ಹೊಡೆಯುವವರೂ ಇದ್ದಾರೆ. ಎರಡೇ ದಿನದಲ್ಲಿ ಎಲೆ ಕಂದಾಗುತ್ತದೆ, ನೋಡಿದವರಿಗೆ ಖುಷಿ. ಆದರೆ ಅದು ತಾಗಿದ ಹಸಿರನ್ನಷ್ಟೇ ಸುಡುತ್ತದೆ, ಬೇರಿಗೆ ಇಳಿಯುವುದಿಲ್ಲ. ಮರಕ್ಕೆ ಅದರಿಂದ ಏನೂ ಆಗುವುದಿಲ್ಲ, ಅಪಾಯವೆಲ್ಲ ಮನುಷ್ಯರಿಗೆ. ಒಂದು ಗುಟುಕು ಹೊಟ್ಟೆಗೆ ಹೋದರೂ ಜೀವಕ್ಕೆ ಕುತ್ತು, ಅದಕ್ಕೆ ಪ್ರತಿಮದ್ದು ಇಲ್ಲ. ಅಂಥದ್ದನ್ನು ನೀರಿನ ಬಾಟಲಿಯಲ್ಲಿ ಮನೆಗೆ ತರುವುದನ್ನು ನೆನೆದರೆ ಭಯವಾಗುತ್ತದೆ. ಮಕ್ಕಳಿರುವ ಮನೆಗಳಲ್ವಾ?

ಗ್ಲೈಫೋಸೇಟ್ ಬೇರಿನ ತನಕ ಇಳಿಯುತ್ತದೆ, ಅದು ನಿಜ. ಆದರೆ ಅದಕ್ಕೂ ತಕ್ಕ ಕಾಲ ಬೇಕು, ತಕ್ಕ ನೀರು ಬೇಕು. ಬೇಸಿಗೆಯಲ್ಲಿ ಜಾಲಿಯ ಎಲೆ ಧೂಳು ಹಿಡಿದು ಮುದುಡಿರುವಾಗ ಹೊಡೆದರೆ ಒಳಗೆ ಹೋಗುವುದೇ ಇಲ್ಲ. ಕೆರೆಯ ರಾಡಿ ನೀರಿಗೆ ಬೆರೆಸಿದರೆ ಮಣ್ಣೇ ಔಷಧಿಯನ್ನು ಹಿಡಿದುಕೊಳ್ಳುತ್ತದೆ. ನಮ್ಮ ಬೋರ್‌ವೆಲ್ ನೀರು ಗಡಸು, ಪಾತ್ರೆಯಲ್ಲಿ ಬಿಳಿ ಕಟ್ಟುತ್ತದೆ. ಆ ಸುಣ್ಣದ ಅಂಶವೂ ಔಷಧಿಯ ಬಲ ಕುಂದಿಸುತ್ತದೆ. ಅದಕ್ಕೇ ತಿಳಿದವರು ನೀರಿಗೆ ಮೊದಲು ಅಮೋನಿಯಂ ಸಲ್ಫೇಟ್ ಹಾಕಿ ಕಲಸಿ, ಆಮೇಲೆ ಔಷಧಿ ಬೆರೆಸುತ್ತಾರೆ.

ಇಷ್ಟೆಲ್ಲ ಮಾಡಿದರೂ ಆಳೆತ್ತರದ ಜಾಲಿಗೆ ಎಲೆಯ ಮೇಲೆ ಹೊಡೆದರೆ ಗಾಳಿಗೆ ಹಾರುವುದು ತಪ್ಪದು. ನಮ್ಮ ಬದುಗಳ ಆಚೆ ಈಚೆ ಹಿಪ್ಪುನೇರಳೆ, ಟೊಮೆಟೊ. ಇವೆರಡನ್ನೂ ಕೆಡಿಸಲು 2,4-ಡಿಯ ಸ್ವಲ್ಪ ಹನಿ ಸಾಕು. ಅದರಲ್ಲೂ ಎಸ್ಟರ್ ಎಂದು ಬರುವ ಬಗೆ ಬಿಸಿಲಿಗೆ ಆವಿಯಾಗಿ, ಹೊಡೆದ ಮೇಲೂ ಪಕ್ಕದ ಹೊಲಕ್ಕೆ ಹೋಗುತ್ತದೆ. ಕಳೆ ಔಷಧಿ ಹೊಡೆದ ಟ್ಯಾಂಕಿನಲ್ಲೇ ಮರುದಿನ ಟೊಮೆಟೊಗೆ ಹುಳದ ಔಷಧಿ ಹೊಡೆದು ಬೆಳೆ ಕೆಡಿಸಿಕೊಂಡವರು ನಮ್ಮ ಊರಲ್ಲೇ ಇದ್ದಾರೆ.

ನಮ್ಮ ಬದುವಿನ ಜಾಲಿಗೆ ನಾವು ಹಿಂದೂಪುರದಿಂದ ಕೀಟ ನಿಯಂತ್ರಣದ ಪರವಾನಗಿ ಇದ್ದ ಒಬ್ಬರನ್ನು ಕರೆಸಿದೆವು. ಅವರು ಎಲೆಗೆ ಒಂದು ಹನಿಯನ್ನೂ ಹೊಡೆಯಲಿಲ್ಲ. ಅವರ ತಂಡದ ಇಬ್ಬರು ಮರವನ್ನು ನೆಲಮಟ್ಟಕ್ಕೆ, ಸಪಾಟಾಗಿ ಕುಯ್ದರು. ಹೊಟ್ಟು ಒರೆಸಿದರು. ಮೂರನೆಯವರು ಕೈಗವಸು ಹಾಕಿಕೊಂಡು ಗ್ಲೈಫೋಸೇಟನ್ನು ಗಟ್ಟಿಯಾಗಿಯೇ ಬ್ರಷ್‌ನಿಂದ ಹಚ್ಚುತ್ತಾ ಹಿಂದೆಯೇ ಬಂದರು. ಹಚ್ಚಿದ್ದು ಬೊಡ್ಡೆಯ ಅಂಚಿಗೆ, ತೊಗಟೆಯ ಒಳಗಿನ ಹಸಿ ಉಂಗುರಕ್ಕೆ. ನಡುವಿನ ಕೆಂಚು ಮರಕ್ಕೆ ಜೀವವಿಲ್ಲ, ಅಲ್ಲಿ ಹಚ್ಚಿದರೆ ವ್ಯರ್ಥ ಎಂದರು. ಕುಯ್ದ ಐದು ಹತ್ತು ನಿಮಿಷದೊಳಗೆ ಹಚ್ಚಲೇಬೇಕು, ತಡವಾದರೆ ಕುಯ್ದ ಬಾಯಿ ಒಣಗಿ ಔಷಧಿ ಎಳೆದುಕೊಳ್ಳುವುದಿಲ್ಲ. ಬೆಳಿಗ್ಗೆ ಎಲ್ಲ ಕಡಿದು ಸಂಜೆ ಹಚ್ಚುತ್ತೇವೆ ಅನ್ನುವವರು ಇದನ್ನು ಗಮನಿಸಬೇಕು. ಕೆಲವು ಬೊಡ್ಡೆ ಮತ್ತೆ ಚಿಗುರಿದವು, ಅವನ್ನು ಇನ್ನೊಮ್ಮೆ ಕಡಿಸಿ ಹಚ್ಚಿಸಿದೆವು. ಹಿಪ್ಪುನೇರಳೆಯ ಒಂದು ಎಲೆಯೂ ಕೆಡಲಿಲ್ಲ. ಮೊದಲೇ ಕಡಿದಿದ್ದರಿಂದ ಸೌದೆಗೂ ಔಷಧಿ ತಾಗಲಿಲ್ಲ. ನಮ್ಮ ಕಡೆ ಜಾಲಿ ಇದ್ದಿಲು ಸುಟ್ಟು ಬದುಕುವ ಮನೆಗಳಿವೆ, ಅವರಿಗೆ ಇದು ದೊಡ್ಡ ವಿಷಯ.

ಕೆರೆಯಂಗಳದಲ್ಲಿ ಮಾತ್ರ ಯಾವ ಔಷಧಿಯೂ ಬೇಡ. ಗ್ಲೈಫೋಸೇಟ್ ಜೊತೆ ಬೆರೆತು ಬರುವ ಅಂಟು ದ್ರವಗಳಲ್ಲಿ ಕೆಲವು ಮೀನಿಗೂ ಗೊದಮೊಟ್ಟೆಗೂ ವಿಷ. ಕೆರೆ ಬತ್ತಿದಾಗ ಜೆಸಿಬಿಯಿಂದ ಒಂದು ಅಡಿ ಆಳದ ತನಕ ಬುಡ ಸಮೇತ ಕೀಳಿಸಲಿ. ಕಾಯಿ ಉದುರುವ ಕಾಲದಲ್ಲಿ ಕುರಿ, ಮೇಕೆಗಳನ್ನು ಅಲ್ಲಿಂದ ತೆರವು ಮಾಡಿದ ಹೊಲಕ್ಕೆ ಹೊಡೆದುಕೊಂಡು ಬರಬಾರದು. ಬೀಜ ಹಿಕ್ಕೆಯಲ್ಲಿ ಕೆಡದೆ ಬಂದು ಮೊಳೆಯುತ್ತದೆ.

2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿ, ಗ್ಲೈಫೋಸೇಟನ್ನು ಕೀಟ ನಿಯಂತ್ರಣದ ಪರವಾನಗಿ ಇರುವವರೇ ಬಳಸಬೇಕು ಎಂದಿತು. ಸರಿ, ಆದರೆ ಅಂಥವರು ಹಳ್ಳಿಯಲ್ಲಿ ಎಲ್ಲಿದ್ದಾರೆ? ನಾವು ಹಿಂದೂಪುರದ ತನಕ ಹುಡುಕಬೇಕಾಯಿತು. ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆ ಮಂಡಲಗಳಲ್ಲಿ ಕೆಲವು ಯುವಕ ಯುವತಿಯರಿಗೆ ತರಬೇತಿ ಮತ್ತು ಪರವಾನಗಿ ಕೊಡಿಸಿ ಎಂದು ಕೃಷಿ ಇಲಾಖೆಯನ್ನು ಕೇಳುತ್ತೇನೆ. ಅವರಿಗೂ ಒಂದು ಕಸುಬಾಗುತ್ತದೆ.

ಇನ್ನೊಂದು ಬೇಡಿಕೆ ಅಂಗಡಿಗಳ ಬಗ್ಗೆ. ಔಷಧಿಯನ್ನು ಸೀಲು ಮಾಡಿದ ಮೂಲ ಡಬ್ಬಿಯಲ್ಲೇ ಮಾರಬೇಕು. 1971ರ ಕೀಟನಾಶಕ ನಿಯಮಗಳ ಪ್ರಕಾರ ಅದರ ಜೊತೆಯ ಮಾಹಿತಿ ಹಾಳೆ ಹಿಂದಿ, ಇಂಗ್ಲಿಷ್ ಜೊತೆಗೆ ಆ ಪ್ರದೇಶದಲ್ಲಿ ಬಳಸುವ ಭಾಷೆಯಲ್ಲೂ ಇರಬೇಕು. ನಮ್ಮ ಪ್ರದೇಶದ ಭಾಷೆ ಕನ್ನಡ. ತೆಲುಗು ಹಾಳೆಯನ್ನು ನನ್ನಂಥವರು ಕಷ್ಟಪಟ್ಟು ಓದಿಯೇವು, ಕೂಲಿಗೆ ಬರುವ ಎಷ್ಟೋ ಹೆಂಗಸರಿಗೆ ಆಗುವುದಿಲ್ಲ. ಅಧಿಕಾರಿಗಳು ಅಂಗಡಿ ತಪಾಸಣೆಗೆ ಬಂದಾಗ ಕನ್ನಡ ಹಾಳೆ ಎಲ್ಲಿ ಎಂದು ಕೇಳಲಿ. ಬಾಟಲಿಗೆ ಸುರಿದು ಮಾರುವುದನ್ನು ಹಿಂಗಾರು ಬಿತ್ತನೆಗೆ ಮೊದಲೇ ನಿಲ್ಲಿಸಲಿ.

ಒಬ್ಬ ರೇಷ್ಮೆ ಬೆಳೆಗಾರ್ತಿ
ಅಮರಾಪುರ ಮಂಡಲ, ಶ್ರೀ ಸತ್ಯಸಾಯಿ ಜಿಲ್ಲೆ