ರಂಗೂನ್ ಬಳ್ಳಿಗೆ ತಿಂಗಳ ಕತ್ತರಿ ಬೇಡ

ಮಾನ್ಯ ಸಂಪಾದಕರೇ,

ರಾಯಚೂರಿನ ಉದ್ಯಾನಗಳ ಕಮಾನಿಗೆ, ಬಡಾವಣೆಗಳ ಗೇಟಿಗೆ ರಂಗೂನ್ ಬಳ್ಳಿ ಹಬ್ಬಿಸುತ್ತಾರೆ. ನರ್ಸರಿಗಳಲ್ಲಿ ಮಧುಮಾಲತಿ ಎಂದು ಕೊಡುವುದೂ ಇದನ್ನೇ. ಸಂಜೆ ಬಿಳಿಯಾಗಿ ಅರಳಿದ ಹೂ ಮರುದಿನ ಗುಲಾಬಿ, ಮೂರನೇ ದಿನಕ್ಕೆ ಕೆಂಪು. ಪರಿಮಳ ಜೋರಾಗುವುದು ಹೊತ್ತು ಮುಳುಗಿದ ಮೇಲೆ. ನಮ್ಮ ಬಿಸಿಲಿಗೆ ಜಗ್ಗದ ಬಳ್ಳಿ. ಆದರೂ ಹಲವೆಡೆ ಬರೀ ಎಲೆ ತುಂಬಿರುತ್ತದೆ.

ಮುಖ್ಯ ಕಾರಣ ಕತ್ತರಿ. ಹೂಗೊಂಚಲು ಬರುವುದು ಆ ವರ್ಷದ ಹೊಸ ಚಿಗುರಿನ ತುದಿಯಲ್ಲಿ. ಬೇಲಿಗಿಡದಂತೆ ತಿಂಗಳಿಗೊಮ್ಮೆ ಸವರಿ ಸಮ ಮಾಡಿದರೆ ಮೊಗ್ಗು ಕಟ್ಟುವ ತುದಿಗಳೇ ಹೋಗುತ್ತವೆ. ಸಂಕ್ರಾಂತಿ ಕಳೆದ ಮೇಲೆ ವರ್ಷಕ್ಕೊಮ್ಮೆ ಸವರಿದರೆ ಸಾಕು: ಒಣಗಿದ, ಸೊರಗಿದ ಕೊಂಬೆಗಳನ್ನು ಬುಡಕ್ಕೆ ತೆಗೆದು, ಉಳಿದವನ್ನು ಮೂರನೇ ಒಂದು ಪಾಲು ಗಿಡ್ಡ ಮಾಡಬೇಕು. ದಾರಿಗೆ ಬಾಗಿದ ರೆಂಬೆಯನ್ನು ಮೇಲೆತ್ತಿ ಕಟ್ಟಬಹುದು. ಎಲೆ ಉದುರಿದರೂ ತೊಟ್ಟಿನ ಬುಡ ಗಟ್ಟಿಯಾಗಿ ಮುಳ್ಳಿನಂತೆ ಉಳಿಯುತ್ತದೆ, ಮಕ್ಕಳ ಕೈ ಗೀರುವುದು ಅದೇ.

ಯೂರಿಯಾ ಸುರಿದರೂ ಎಲೆಯೇ ಹೆಚ್ಚುತ್ತದೆ. ಸವರಿದ ಮೇಲೆ ಬುಡಕ್ಕೆ ಎರಡು ಬುಟ್ಟಿ ಹಳೇ ತಿಪ್ಪೆಗೊಬ್ಬರ ಕೊಟ್ಟರೆ ಆಯಿತು. ನೆರಳಿನಲ್ಲೂ ಹೂ ಕಡಿಮೆ. ದಿನಕ್ಕೆ ಆರು ತಾಸು ಬಿಸಿಲು ಬೀಳುವ ಜಾಗವನ್ನೇ ಆರಿಸಬೇಕು.

ಎರೆ (ಕಪ್ಪು) ಮಣ್ಣಿನಲ್ಲಿ ಮಳೆಗಾಲಕ್ಕೆ ನೀರು ನಿಂತು ಬೇರು ಕೊಳೆಯುತ್ತದೆ, ಬೇಸಿಗೆಗೆ ನೆಲ ಬಿರಿದು ಸಣ್ಣ ಬೇರು ಹರಿಯುತ್ತದೆ. 2 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಎರಡು ಪಾಲು ಮಸಾರಿ (ಕೆಂಪು) ಮಣ್ಣಿಗೆ ಒಂದೊಂದು ಪಾಲು ಉಸುಕು, ತಿಪ್ಪೆಗೊಬ್ಬರ ಬೆರೆಸಿ ತುಂಬಬೇಕು. ಸಸಿಯ ಬುಡ ಸುತ್ತಲಿನ ನೆಲಕ್ಕಿಂತ ಅರ್ಧ ಅಡಿ ಎತ್ತರದಲ್ಲಿರಲಿ. ಏಪ್ರಿಲ್–ಮೇ ಬಿಸಿಲಲ್ಲಿ ನೆಡದೆ, ಮೃಗಶಿರ ಮಳೆಗೆ ನೆಲ ಹಸಿಯಾದ ಮೇಲೆ ನೆಡುವುದು ಲೇಸು. ಬುಡಕ್ಕೆ 3 ಅಂಗುಲ ಭತ್ತದ ಹೊಟ್ಟು ಹಾಸಿ, ಅದು ಕಾಂಡಕ್ಕೆ ತಾಗದಂತೆ ನೋಡಿಕೊಳ್ಳಿ.

ಗಡಸು ಬೋರ್‌ವೆಲ್ ನೀರು ಕುಡಿದ ಬಳ್ಳಿಯಲ್ಲಿ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದು ಕಬ್ಬಿಣದ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಸಿಂಪಡಿಸಬೇಕು. ಹತ್ತು ಹದಿನೈದು ದಿನ ಬಿಟ್ಟು ಮತ್ತೊಮ್ಮೆ.

ಬಳ್ಳಿ ಬಲಿತರೆ ಮರದಂತೆ ಭಾರ. ತೆಳು ತಂತಿ ಜೋತು ಬೀಳುತ್ತದೆ, ಕಟ್ಟಿಗೆ ಕಂಬಕ್ಕೆ ಗೆದ್ದಲು. 2 ಅಂಗುಲದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಕಾಂಕ್ರೀಟಿನಲ್ಲಿ ಹೂತು ನಿಲ್ಲಿಸಿ, ಕಂಬಕ್ಕೊಂದೇ ಸಸಿ ಹಾಕಬೇಕು. ಬೇರಿನಿಂದ ಏಳುವ ಮರಿಗಳನ್ನು ಆಗಾಗ ಕೀಳದಿದ್ದರೆ ಪಕ್ಕದ ಪಾತಿಗೂ ನುಗ್ಗುತ್ತದೆ.

ಉದ್ಯಾನ ನಿರ್ವಹಣೆಯ ಗುತ್ತಿಗೆ ಕೊಡುವವರು ಕರಾರಿನಲ್ಲಿ ‘ತಿಂಗಳಿಗೊಮ್ಮೆ ಸವರುವುದು’ ಎಂಬ ಷರತ್ತಿನಿಂದ ಈ ಬಳ್ಳಿಯನ್ನು ಹೊರಗಿಡಬೇಕೆಂದು ವಿನಂತಿ.

– ಕೈತೋಟ ಆಸಕ್ತರು, ರಾಯಚೂರು