75 ದಾಟಿದವರ ಟಿವಿ ಲೈಸೆನ್ಸ್: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. "ದುಡ್ಡಿರುವ ಮುದುಕರಿಗೂ ಯಾಕಪ್ಪಾ ಪುಕ್ಕಟೆ ಟಿವಿ ತೋರಿಸಬೇಕು? ಬಡವರಿಗೆ ಕೊಟ್ಟರೆ ಸಾಕಲ್ವಾ?" ಅಂದೆ. ನಿನ್ನ ಮಾತಿನಲ್ಲಿ ನ್ಯಾಯ ಇಲ್ಲ ಅನ್ನಲಾರೆ. ಆದರೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಇದ್ದುಕೊಂಡು ಇದನ್ನು ಹತ್ತಿರದಿಂದ ನೋಡಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. 75 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಟಿವಿ ಲೈಸೆನ್ಸ್ ಉಚಿತವಾಗಿ ಕೊಡಬೇಕು. ಅದರ ಖರ್ಚನ್ನು ಸರ್ಕಾರ ಹೊರಬೇಕು, ಬಿಬಿಸಿಯ ತಲೆಗೆ ಕಟ್ಟಬಾರದು.

ನಮ್ಮ ಅಪ್ಪಂದಿರ ಕಾಲದಲ್ಲಿ ರೇಡಿಯೋಗೆ ಲೈಸೆನ್ಸ್ ಇತ್ತಲ್ಲ, ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿಗೆ ಹೋಗಿ ದುಡ್ಡು ಕಟ್ಟಿ ಬರುತ್ತಿದ್ದರು. ನಮ್ಮಲ್ಲಿ ಅದು 80ರ ದಶಕದಲ್ಲೇ ಹೋಯಿತು. ಬ್ರಿಟನ್ನಿನಲ್ಲಿ ಟಿವಿಗೆ ಈಗಲೂ ಇದೆ. ಮನೆಗೊಂದು ಲೈಸೆನ್ಸ್, ಇಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಬಿಬಿಸಿ ನಡೆಯುವುದು ಮುಖ್ಯವಾಗಿ ಆ ದುಡ್ಡಿನಿಂದಲೇ. ಯಾವುದೇ ಚಾನೆಲ್ ಲೈವ್ ಆಗಿ ನೋಡಿದರೂ ಬೇಕು, ಇಂಟರ್ನೆಟ್ಟಿನಲ್ಲಿ ಬಿಬಿಸಿ ತೋರಿಸುವ ಐಪ್ಲೇಯರ್ ನೋಡಲೂ ಬೇಕು. 2019ರಲ್ಲಿ 154.50 ಪೌಂಡ್ ಇತ್ತು, 2025ರ ಏಪ್ರಿಲ್‌ನಲ್ಲಿ 174.50 ಆಯಿತು. ನಮ್ಮ ದುಡ್ಡಿನಲ್ಲಿ ಹತ್ತಿರ ಹತ್ತಿರ 20 ಸಾವಿರ ರೂಪಾಯಿ. ಕಟ್ಟದೆ ನೋಡಿದರೆ ಅದು ಅಪರಾಧ, ಕೋರ್ಟಿನಲ್ಲಿ 1,000 ಪೌಂಡ್‌ವರೆಗೆ ದಂಡ ಹಾಕಬಹುದು.

1999ರಲ್ಲಿ ಹಣಕಾಸು ಮಂತ್ರಿಯಾಗಿದ್ದ ಗಾರ್ಡನ್ ಬ್ರೌನ್ 75 ದಾಟಿದವರಿಗೆ ಇದನ್ನು ಉಚಿತ ಮಾಡುವುದಾಗಿ ಹೇಳಿದರು. 2000ದ ನವೆಂಬರ್‌ನಿಂದ ಜಾರಿಗೆ ಬಂತು. ವಯಸ್ಸು ತೋರಿಸಿದರೆ ಮುಗಿಯಿತು. ಬ್ಯಾಂಕಿನಲ್ಲಿ ಎಷ್ಟಿದೆ, ಮಗ ಏನು ಕೆಲಸ ಮಾಡ್ತಾನೆ, ಯಾವುದನ್ನೂ ಕೇಳುತ್ತಿರಲಿಲ್ಲ. ಖರ್ಚು ಸರ್ಕಾರದ್ದು. ಇಪ್ಪತ್ತು ವರ್ಷ ಹೀಗೇ ನಡೆಯಿತು.

ಕೆಟ್ಟದ್ದು 2015ರಲ್ಲಿ. ಆಗ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್. ಸರ್ಕಾರದ ಖರ್ಚು ಇಳಿಸಬೇಕಿತ್ತು. ಈ ಉಚಿತ ಲೈಸೆನ್ಸಿನ ಭಾರವನ್ನು ಹಂತ ಹಂತವಾಗಿ ಬಿಬಿಸಿಗೆ ದಾಟಿಸಿದರು. 2017ರಲ್ಲಿ ಕಾನೂನೇ ಬಂತು: 2020ರ ಜೂನ್ ನಂತರ ವಯಸ್ಸಾದವರಿಗೆ ರಿಯಾಯಿತಿ ಕೊಡಬೇಕೋ ಬೇಡವೋ, ಯಾರಿಗೆ, ಎಷ್ಟು ಎಂದು ಬಿಬಿಸಿಯೇ ತೀರ್ಮಾನ ಮಾಡಬೇಕು. ಅದೇ 2017ರ ಚುನಾವಣೆಯಲ್ಲಿ ಆಸ್ಬೋರ್ನ್ ಅವರ ಕನ್ಸರ್ವೇಟಿವ್ ಪಕ್ಷವೇ, ಮುಂದಿನ ಪಾರ್ಲಿಮೆಂಟಿನ ಅವಧಿ ಪೂರ್ತಿ 75 ದಾಟಿದವರ ಉಚಿತ ಲೈಸೆನ್ಸ್ ಮುಂದುವರಿಸುತ್ತೇವೆ ಎಂದು ಪ್ರಣಾಳಿಕೆಯಲ್ಲಿ ಬರೆದುಕೊಂಡಿತ್ತು. ಮಾತು ಕೊಡುವುದು ತಾವು, ತೀರಿಸುವುದು ಇನ್ನೊಬ್ಬರು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ ಮಾರಾಯ.

ಬಿಬಿಸಿ ಲೆಕ್ಕ ಹಾಕಿತು. ಎಲ್ಲರಿಗೂ ಉಚಿತ ಮುಂದುವರಿಸಿದರೆ ವರ್ಷಕ್ಕೆ 74.5 ಕೋಟಿ ಪೌಂಡ್, ಅಂದರೆ ಅದರ ಬಜೆಟ್ಟಿನ ಸುಮಾರು ಐದನೇ ಒಂದು ಭಾಗ. ಅಷ್ಟು ಉಳಿಸಬೇಕಾದರೆ ಬಿಬಿಸಿ ಟೂ, ಬಿಬಿಸಿ ಫೋರ್, ನ್ಯೂಸ್ ಚಾನೆಲ್ ಅಂಥವಕ್ಕೆಲ್ಲ ಬೀಗ ಹಾಕಬೇಕಾಗುತ್ತಿತ್ತು. 2019ರ ಜೂನ್‌ನಲ್ಲಿ ತೀರ್ಮಾನ ಹೊರಬಿತ್ತು: ಇನ್ನು ಮೇಲೆ ಉಚಿತ ಲೈಸೆನ್ಸ್ ಪೆನ್ಷನ್ ಕ್ರೆಡಿಟ್ ಸಿಗುತ್ತಿರುವ ಮನೆಗಳಿಗೆ ಮಾತ್ರ. ಪೆನ್ಷನ್ ಕ್ರೆಡಿಟ್ ಅಂದರೆ ಆದಾಯ ತೀರಾ ಕಡಿಮೆ ಇರುವ ವೃದ್ಧರಿಗೆ ಸರ್ಕಾರ ಕೊಡುವ ಹೆಚ್ಚುವರಿ ಹಣ. ಸುಮಾರು 37 ಲಕ್ಷ ಮನೆಗಳು ಉಚಿತದ ಪಟ್ಟಿಯಿಂದ ಹೊರಗೆ ಬೀಳಲಿದ್ದವು. ವೃದ್ಧರಿಗಾಗಿ ಕೆಲಸ ಮಾಡುವ ಏಜ್ ಯುಕೆ ಎಂಬ ಸಂಸ್ಥೆ ಇದರ ವಿರುದ್ಧ ಸಹಿ ಸಂಗ್ರಹಿಸಿತು, ಆರು ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದರು. ಕೋವಿಡ್ ಬಂದದ್ದರಿಂದ ಎರಡು ತಿಂಗಳು ಮುಂದಕ್ಕೆ ಹೋಯಿತು, ಅಷ್ಟೇ. 2020ರ ಆಗಸ್ಟ್ 1ರಿಂದ ಹೊಸ ನಿಯಮ ಜಾರಿಗೆ ಬಂತು. ವಯಸ್ಸಾದವರು ಬಾಗಿಲು ಹಾಕಿಕೊಂಡು, ಮಕ್ಕಳು ಮೊಮ್ಮಕ್ಕಳ ಮುಖ ನೋಡದೆ, ಟಿವಿಯೊಂದನ್ನೇ ನಂಬಿಕೊಂಡು ಕೂತಿದ್ದ ವರ್ಷ ಅದು.

ಬಿಬಿಸಿಯನ್ನು ನಾನು ಪೂರ್ತಿ ಬೈಯುವುದಿಲ್ಲ. ಸುದ್ದಿ, ನಾಟಕ, ಮಕ್ಕಳ ಕಾರ್ಯಕ್ರಮ ಮಾಡಬೇಕಾದ ಸಂಸ್ಥೆಗೆ ಯಾರು ಬಡವರು ಯಾರಲ್ಲ ಎಂದು ಆರಿಸುವ ಕೆಲಸ ಕೊಟ್ಟದ್ದೇ ತಪ್ಪು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಬಡವರಿಗಷ್ಟೇ ಕೊಟ್ಟರೆ ಸಾಕಲ್ವಾ? ಕೇಳಲಿಕ್ಕೆ ಸರಿ ಅನಿಸುತ್ತದೆ. ಆದರೆ ಬಡವರು ಯಾರು ಅಂತ ಗೊತ್ತಾಗಬೇಕಾದರೆ ಅವರೇ ಬಂದು ಹೇಳಬೇಕು, ಕಾಗದ ತೋರಿಸಬೇಕು. ಅಲ್ಲೇ ಇರುವುದು ಕಷ್ಟ.

ಶನಿವಾರ ಬಿಡುವಾದಾಗ ಇಲ್ಲಿನ ಕಮ್ಯುನಿಟಿ ಸೆಂಟರ್‌ಗೆ ಹೋಗಿ ವಯಸ್ಸಾದವರಿಗೆ ಫಾರಂ ತುಂಬಿಕೊಡುತ್ತೇನೆ ಅಂತ ನಿನಗೆ ಹೇಳಿದ್ದೆನಲ್ಲ. ಅಲ್ಲಿಗೆ ಒಬ್ಬ ಅಜ್ಜ ಬಂದರು. ಹೊಸಿಯರಿ ಫ್ಯಾಕ್ಟರಿಯಲ್ಲಿ ದುಡಿದವರು, ಹೆಂಡತಿ ತೀರಿಕೊಂಡಿದ್ದಾರೆ. ಕೈಯಲ್ಲಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ, ಅದರೊಳಗೆ ಪೆನ್ಷನ್ ಕಾಗದ, ಬ್ಯಾಂಕಿನ ಸ್ಟೇಟ್‌ಮೆಂಟ್, ಹೆಂಡತಿಯ ಮರಣ ಪ್ರಮಾಣಪತ್ರ ಎಲ್ಲ ಮಡಿಚಿ ಮಡಿಚಿ ಇಟ್ಟಿದ್ದರು. ಪೆನ್ಷನ್ ಕ್ರೆಡಿಟ್ ಫಾರಂ ಪುಟಗಟ್ಟಲೆ ಇರುತ್ತದೆ. ಮನೆಯಲ್ಲಿ ಯಾರಿದ್ದಾರೆ, ಬಾಡಿಗೆ ಎಷ್ಟು, ಹಳೆಯ ಕೆಲಸದ ಪೆನ್ಷನ್ ಬರುತ್ತದೆಯಾ, ಉಳಿತಾಯ ಎಷ್ಟು. ಉಳಿತಾಯದ ಪ್ರಶ್ನೆ ಬಂದಾಗ ಅವರು ಮಾತು ನಿಲ್ಲಿಸಿದರು. ಆಮೇಲೆ ಮೆಲ್ಲಗೆ, "ಅದು ನನ್ನನ್ನು ಮಣ್ಣು ಮಾಡಲಿಕ್ಕೆ ಇಟ್ಟ ದುಡ್ಡು, ಅದನ್ನೂ ಹೇಳಬೇಕಾ?" ಅಂದರು.

ಹೇಳಬೇಕು. 10,000 ಪೌಂಡ್‌ವರೆಗಿನ ಉಳಿತಾಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರ ಮೇಲಿನ ಪ್ರತಿ 500 ಪೌಂಡಿಗೆ ವಾರಕ್ಕೆ 1 ಪೌಂಡ್ ಆದಾಯ ಇದೆ ಅಂತ ಹಿಡಿಯುತ್ತಾರೆ. ಅವರ ಹತ್ತಿರ 14,000 ಇತ್ತು. ಅಂದರೆ ವಾರಕ್ಕೆ 8 ಪೌಂಡ್, ಕೈಗೆ ಬಂದರೂ ಬರದಿದ್ದರೂ ಬಂದ ಹಾಗೆ ಲೆಕ್ಕ. ಜೊತೆಗೆ ಫ್ಯಾಕ್ಟರಿಯ ಚಿಕ್ಕ ಪೆನ್ಷನ್. ಸರ್ಕಾರದಿಂದ ಬರುವ ಸ್ಟೇಟ್ ಪೆನ್ಷನ್ನಿನ ಜೊತೆ ಇವೆರಡೂ ಸೇರಿ ಪೆನ್ಷನ್ ಕ್ರೆಡಿಟ್ಟಿನ ಮಿತಿಗಿಂತ ವಾರಕ್ಕೆ ಎರಡು ಮೂರು ಪೌಂಡ್ ಮೇಲೆ ಹೋಯಿತು. ಪೆನ್ಷನ್ ಕ್ರೆಡಿಟ್ ಇಲ್ಲ. ಅದಿಲ್ಲವಾದ್ದರಿಂದ ಉಚಿತ ಲೈಸೆನ್ಸೂ ಇಲ್ಲ. ವಾರಕ್ಕೆ ಎರಡು ಪೌಂಡ್ ಜಾಸ್ತಿ ಇದ್ದ ತಪ್ಪಿಗೆ ವರ್ಷ ವರ್ಷವೂ ಲೈಸೆನ್ಸಿನ ಪೂರ್ತಿ ದುಡ್ಡು ಕಟ್ಟಬೇಕು. ಯಾವ ನ್ಯಾಯ ಹೇಳು? ಈಗ ಅವರು ಮೂಲೆಯ ಅಂಗಡಿಯಲ್ಲಿ ಪೇಮೆಂಟ್ ಕಾರ್ಡ್ ಕೊಟ್ಟು ಸ್ವಲ್ಪ ಸ್ವಲ್ಪವಾಗಿ ಕಟ್ಟುತ್ತಿದ್ದಾರೆ. ರಸೀದಿಗಳೂ ಅದೇ ಡಬ್ಬಿ ಸೇರುತ್ತವೆ.

ಇವರಾದರೂ ಬಂದು ಕೇಳಿದರು. ಕೇಳಲಿಕ್ಕೇ ಬಾರದವರು ಇದ್ದಾರಲ್ಲ, ನನ್ನ ಚಿಂತೆ ಅವರದ್ದು. ಪೆನ್ಷನ್ ಕ್ರೆಡಿಟ್‌ಗೆ ಅರ್ಹರಾದವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜನ ಅರ್ಜಿಯನ್ನೇ ಹಾಕುವುದಿಲ್ಲ ಎಂದು ಸರ್ಕಾರದ ಅಂದಾಜೇ ಹೇಳುತ್ತದೆ. ಕೆಲವರಿಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ. ಕೆಲವರಿಗೆ ಕಣ್ಣು ಮಂಜು, ಕಿವಿ ಮಂದ, ಫೋನಿನಲ್ಲಿ ಅಷ್ಟು ಹೊತ್ತು ಕಾಯಲು ಆಗುವುದಿಲ್ಲ. ನಮ್ಮ ಕಡೆಯ ಗುಜರಾತಿ, ಪಂಜಾಬಿ ಅಜ್ಜಿಯರಿಗೆ ಇಂಗ್ಲಿಷ್ ಕಷ್ಟ. ಇನ್ನು ಹಲವರಿಗೆ ಮರ್ಯಾದೆಯ ಪ್ರಶ್ನೆ. ಜೀವನ ಪೂರ್ತಿ ದುಡಿದು ತೆರಿಗೆ ಕಟ್ಟಿದವರು, ಎಂಬತ್ತರ ವಯಸ್ಸಿನಲ್ಲಿ "ನಾನು ಬಡವ" ಅಂತ ಬರೆದು ಸಹಿ ಹಾಕಲಾರರು. ನಿನಗಿದು ಹೊಸದೇನಲ್ಲ. ನಿಮ್ಮ ದೊಡ್ಡಮ್ಮನ ವೃದ್ಧಾಪ್ಯ ವೇತನಕ್ಕೆ ಆದಾಯ ಪ್ರಮಾಣಪತ್ರ ಮಾಡಿಸಲು ನೀನೇ ಎಷ್ಟು ಅಲೆದೆ ಅಂತ ನೆನಪು ಮಾಡಿಕೋ. ನೀನಿದ್ದೆ, ಬೈಕ್ ಇತ್ತು, ಆಯಿತು. ಯಾರೂ ಇಲ್ಲದವರು ಏನು ಮಾಡಬೇಕು?

ಅದಕ್ಕೇ ನಾನು ಹೇಳುವುದು, ವಯಸ್ಸೊಂದೇ ಸಾಕು. ಹುಟ್ಟಿದ ತಾರೀಕು ಸರ್ಕಾರದ ಹತ್ತಿರ ಮೊದಲೇ ಇದೆ. ಯಾರೂ ತಪ್ಪಿಹೋಗುವುದಿಲ್ಲ, ಯಾರೂ ತಲೆ ತಗ್ಗಿಸಬೇಕಾಗಿಲ್ಲ.

ಸರಿ, ದುಡ್ಡಿದ್ದವರ ವಿಷಯ? ಇದಕ್ಕೆ ದಾರಿ ಇದೆ, ಈ ದೇಶವೇ ಅದನ್ನು ಕಂಡುಕೊಂಡಿದೆ. 2024ರ ಜುಲೈನಲ್ಲಿ ಹೊಸ ಹಣಕಾಸು ಮಂತ್ರಿ ರೇಚಲ್ ರೀವ್ಸ್ ಚಳಿಗಾಲದ ಹೀಟಿಂಗ್ ಖರ್ಚಿಗೆ ವೃದ್ಧರಿಗೆ ಕೊಡುತ್ತಿದ್ದ ವಿಂಟರ್ ಫ್ಯುಯೆಲ್ ಹಣವನ್ನೂ ಹೀಗೇ ಮುಖ್ಯವಾಗಿ ಪೆನ್ಷನ್ ಕ್ರೆಡಿಟ್ ಇದ್ದವರಿಗೆ ಸೀಮಿತ ಮಾಡಿದರು. ಜನ ರೊಚ್ಚಿಗೆದ್ದರು. ಮಿತಿಗಿಂತ ಒಂದೆರಡು ಪೌಂಡ್ ಮೇಲಿದ್ದವರು ಆ ಚಳಿಗಾಲವನ್ನು ಆ ಹಣವಿಲ್ಲದೆ ಕಳೆಯಬೇಕಾಯಿತು. ಕೊನೆಗೆ 2025ರ ಜೂನ್‌ನಲ್ಲಿ ಸರ್ಕಾರ ಹಿಂದೆ ಸರಿಯಿತು. ಈಗ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹಣ ಎಲ್ಲರಿಗೂ ಹೋಗುತ್ತದೆ. ವರ್ಷಕ್ಕೆ 35,000 ಪೌಂಡ್‌ಗಿಂತ ಜಾಸ್ತಿ ಆದಾಯ ಇರುವವರಿಂದ ತೆರಿಗೆಯ ಮೂಲಕ ವಾಪಸ್ ತೆಗೆದುಕೊಳ್ಳುತ್ತಾರೆ. ಎಷ್ಟು ಸುಲಭ ನೋಡು. ಇಲ್ಲದವರು ಯಾರ ಮುಂದೆಯೂ ಕೈಚಾಚಬೇಕಾಗಿಲ್ಲ. ಇದ್ದವರ ಲೆಕ್ಕವನ್ನು ತೆರಿಗೆ ಇಲಾಖೆ ಹೇಗೂ ಇಟ್ಟುಕೊಂಡಿರುತ್ತದೆ. ಟಿವಿ ಲೈಸೆನ್ಸಿಗೂ ಇದನ್ನೇ ಮಾಡಿ ಅಂತ ನನ್ನ ವಾದ.

ಪಕ್ಕದ ಐರ್ಲೆಂಡಿನಲ್ಲಂತೂ 70 ದಾಟಿದವರಿಗೆ ಆದಾಯ ನೋಡದೆ ಲೈಸೆನ್ಸ್ ಉಚಿತ. ಅಲ್ಲೇನೂ ಆಕಾಶ ಕಳಚಿ ಬಿದ್ದಿಲ್ಲ.

ಒಂದು ಆಕ್ಷೇಪ ಮಾತ್ರ ನನ್ನನ್ನು ನಿಜವಾಗಿ ಕಾಡುತ್ತದೆ. ನಮ್ಮ ಬೀದಿಯಲ್ಲೇ ಎರಡು ಮಕ್ಕಳನ್ನು ಒಬ್ಬಳೇ ಸಾಕುತ್ತಿರುವ ಹುಡುಗಿ ಇದ್ದಾಳೆ. ಅವಳು ಪೂರ್ತಿ ದುಡ್ಡು ಕಟ್ಟಬೇಕು. ಲೈಸೆನ್ಸ್ ಇಲ್ಲ ಅಂತ ಶಿಕ್ಷೆಯಾಗುವವರಲ್ಲಿ ಹೆಂಗಸರೇ ಜಾಸ್ತಿ, ಹಗಲು ತಪಾಸಣೆಗೆ ಬಂದಾಗ ಮನೆಯಲ್ಲಿ ಸಿಗುವವರು ಅವರೇ. ಅವಳು ಕಟ್ಟುವಾಗ, ದೊಡ್ಡ ಮನೆಯ 76ರ ಯಜಮಾನರಿಗೆ ಪುಕ್ಕಟೆ ಯಾಕೆ? ಕೂಡು ಕುಟುಂಬಗಳಲ್ಲಿ ಇನ್ನೊಂದು ವಿಚಿತ್ರ ಇತ್ತು. ಮನೆಯಲ್ಲಿ ಅಜ್ಜಿ ಒಬ್ಬರಿದ್ದರೆ ಸಂಪಾದಿಸುವ ಮಗ ಸೊಸೆಗೂ ಸೇರಿ ಇಡೀ ಮನೆಗೆ ಉಚಿತ. ಇದು ಸರಿಯಲ್ಲ ಅನ್ನುವವರಿಗೆ ನಾನು ಎದುರು ಮಾತಾಡುವುದಿಲ್ಲ.

ಆದರೆ ಆ ಹುಡುಗಿಗೆ ಆಗುತ್ತಿರುವ ಅನ್ಯಾಯ ಅಜ್ಜಿಯಿಂದ ಕಿತ್ತುಕೊಂಡರೆ ಸರಿಹೋಗುವುದಿಲ್ಲ. ಬಡವ ಬಲ್ಲಿದ ಎಂದು ನೋಡದೆ ಎಲ್ಲ ಮನೆಗೂ ಒಂದೇ ದರ ಹಾಕಿದ್ದರಿಂದ ಬಂದ ಅನ್ಯಾಯ ಅದು. ಫಿನ್ಲೆಂಡ್ 2013ರಲ್ಲಿ ಟಿವಿ ಫೀ ತೆಗೆದು ಆದಾಯಕ್ಕೆ ತಕ್ಕಂತೆ ತೆರಿಗೆ ಮಾಡಿತು, ಕಡಿಮೆ ಆದಾಯದವರು ಕಟ್ಟುವುದೇ ಬೇಡ. ಸ್ವೀಡನ್ನೂ 2019ರಲ್ಲಿ ಆದಾಯಕ್ಕೆ ಹೊಂದಿಕೊಂಡ ಶುಲ್ಕಕ್ಕೆ ಬದಲಾಯಿತು. ಅಂಥದ್ದು ಇಲ್ಲೂ ಬಂದರೆ ಅವಳಿಗೂ ಬಿಡುಗಡೆ. ಅದು ಬರುವವರೆಗೆ ಅಜ್ಜಿ ಯಾಕೆ ಕಾಯಬೇಕು?

ಖರ್ಚಿನ ಮಾತು ಬಂದರೆ, ಈ ದೇಶ ಸ್ಟೇಟ್ ಪೆನ್ಷನ್‌ಗೆ ವರ್ಷಕ್ಕೆ 13,000 ಕೋಟಿ ಪೌಂಡ್‌ಗೂ ಜಾಸ್ತಿ ಖರ್ಚು ಮಾಡುತ್ತದೆ. ಬಿಬಿಸಿ ಹೇಳಿದ 74.5 ಕೋಟಿ ಅದರ ನೂರರಲ್ಲಿ ಒಂದು ಪಾಲೂ ಅಲ್ಲ. ಬಿಬಿಸಿಗೆ ಅದು ಬೆನ್ನು ಮುರಿಯುವ ಭಾರ, ಸರ್ಕಾರಕ್ಕೆ ಹಾಗಲ್ಲ.

"ಟಿವಿ ಏನು ಅನ್ನವಾ?" ಅಂತಲೂ ಕೇಳಿದೆ. ಒಂಟಿಯಾಗಿ ಇರುವವರ ಮನೆಗೆ ಹೋಗಿ ನೋಡಬೇಕು ನೀನು. ನವೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲು. ಮಂಡಿ ನೋವು, ಹೊರಗೆ ಪಾಚಿ ಹಿಡಿದ ಕಾಲುದಾರಿ, ಬಸ್ಸು ಕಡಿಮೆ. ಆ ಅಜ್ಜ ಆರು ಗಂಟೆಯ ವಾರ್ತೆ, ಆಮೇಲೆ ಆರೂವರೆಗೆ ನಮ್ಮ ಈಸ್ಟ್ ಮಿಡ್‌ಲ್ಯಾಂಡ್ಸ್ ವಾರ್ತೆ ನೋಡುತ್ತಾರೆ, ಕೆಳಗೆ ಅಕ್ಷರ ಹಾಕಿಕೊಂಡು, ಯಾಕೆಂದರೆ ಕಿವಿ ಸರಿ ಕೇಳಿಸುವುದಿಲ್ಲ. ಯಾವ ರಸ್ತೆ ಮುಚ್ಚಿದೆ, ನಾಳೆ ಮಂಜು ಬೀಳುತ್ತದಾ, ತಾನು ಹುಟ್ಟಿದ ಊರಿನಲ್ಲಿ ಏನಾಯಿತು. ಇಂಟರ್ನೆಟ್ ಅವರ ಮನೆಯಲ್ಲಿಲ್ಲ. ಆ ದಿನ ಮನುಷ್ಯರ ಮಾತು ಅಂತ ಕೇಳುವುದು ಅದೊಂದೇ ಇರಬಹುದು. ಅನ್ನದಷ್ಟೇ ಬೇಕಾದದ್ದು ಇನ್ನೂ ಕೆಲವಿವೆ, ಅಲ್ವಾ?

ಬಿಬಿಸಿಯ ಈಗಿನ ರಾಯಲ್ ಚಾರ್ಟರ್, ಅಂದರೆ ಅದು ಹೇಗೆ ನಡೆಯಬೇಕು ಎಂದು ಹೇಳುವ ಸನ್ನದು, 2027ರ ಡಿಸೆಂಬರ್ ಕೊನೆಗೆ ಮುಗಿಯುತ್ತದೆ. ಮುಂದೆ ಅದಕ್ಕೆ ದುಡ್ಡು ಎಲ್ಲಿಂದ, ಯಾರು ಎಷ್ಟು ಕೊಡಬೇಕು ಎಂಬುದೆಲ್ಲ ಆ ಹೊತ್ತಿಗೆ ತೀರ್ಮಾನವಾಗಬೇಕು. ಹಾಗಾಗಿ ನಮ್ಮ ಎಂಪಿಗೆ ಒಂದು ಪತ್ರ ಬರೆದಿದ್ದೇನೆ. 75 ದಾಟಿದವರಿಗೆ ವಯಸ್ಸಿನ ಮೇಲೆ ಉಚಿತ, ಖರ್ಚು ಖಜಾನೆಯದ್ದು, ಜಾಸ್ತಿ ಆದಾಯದವರಿಂದ ತೆರಿಗೆಯಲ್ಲಿ ವಾಪಸ್. ಇಷ್ಟೇ ಕೇಳಿದ್ದು. ಕಮ್ಯುನಿಟಿ ಸೆಂಟರ್‌ಗೆ ಬರುವವರಲ್ಲಿ ಬರೆಯಲು ಇಷ್ಟ ಇರುವವರಿಗೆ ಅವರವರ ಮಾತಿನಲ್ಲೇ ಬರೆದುಕೊಡುತ್ತಿದ್ದೇನೆ. ಅಜ್ಜ ತಮ್ಮದನ್ನು ತಾವೇ ಬರೆಯುತ್ತೇನೆ ಅಂದಿದ್ದಾರೆ.

ನೀನು ಒಪ್ಪದಿದ್ದರೆ ಎಲ್ಲಿ ಒಪ್ಪಲಿಲ್ಲ ಅಂತ ಉದ್ದಕ್ಕೆ ಬರಿ, ವಾಟ್ಸಾಪಿನಲ್ಲಿ ಎರಡು ಸಾಲು ಹಾಕಿ ಸುಮ್ನೆ ಆಗಬೇಡ. ಅಮ್ಮನಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಪ್ರೀತಿ.

ನಿನ್ನ ಗೆಳೆಯ